ಮೂಗಣ್ಣ ಪಾಸು ಮಾಡಿದ ಕಾರು

ಕಾರು ಕೊಳ್ಳುವವರ ಪರವಾಗಿ ಅದನ್ನು ಪರೀಕ್ಷಿಸಿ, ಕೊಳ್ಳಬಹುದೋ ಬೇಡವೋ ಎಂದು ಬರೆದುಕೊಡುವುದು ಅವನ ಕೆಲಸ. ಹದಿನಾರು ವರ್ಷ ಗ್ಯಾರೇಜಿನಲ್ಲಿ ದುಡಿದ ಮೇಲೆ ಹತ್ತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದ. ಎಲ್ಲರೂ ಅವನನ್ನು ಮೂಗಣ್ಣ ಎಂದು ಕರೆಯುತ್ತಿದ್ದರು. ಮೂಗು ದೊಡ್ಡದಿತ್ತು ಅಂತಲ್ಲ. ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಒಂದು ಸಲ ಉಸಿರೆಳೆದುಕೊಂಡರೆ ಸಾಕು, ಕಾರಿನ ಜಾತಕವೇ ಅವನಿಗೆ ಸಿಕ್ಕಿಬಿಡುತ್ತಿತ್ತು. ಎಣ್ಣೆ ಸೋರಿ ಎಲ್ಲೋ ಸುಡುತ್ತಿದೆ, ಕ್ಲಚ್ ಸವೆದಿದೆ, ಇದು ಎಂದೋ ನೀರಿನಲ್ಲಿ ಮುಳುಗೆದ್ದ ಗಾಡಿ ಎಂದೆಲ್ಲ ಅವನು ಬಾಗಿಲ ಬಳಿ ನಿಂತೇ ಹೇಳುತ್ತಿದ್ದ. ಆಮೇಲೆ ಯಂತ್ರ ಇಟ್ಟು ನೋಡಿದರೆ ಅದೇ ನಿಜವಾಗಿರುತ್ತಿತ್ತು.

ಮೂರು ತಿಂಗಳ ಹಿಂದೆ ಅವನಿಗೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ವಾಸನೆ ಮರಳಲಿಲ್ಲ. ಸೋಪು, ಪೆಟ್ರೋಲು, ಹೆಂಡತಿಯ ತಲೆಯೆಣ್ಣೆ, ಯಾವುದೂ ಇಲ್ಲ. ವೈದ್ಯರು, "ಬಂದರೂ ಬರಬಹುದು, ಬರದೆಯೂ ಇರಬಹುದು. ಕಾಯ್ಬೇಕು" ಅಂದರು. ಮೂಗಣ್ಣನಿಗೆ ಮೂಗೇ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ? ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಕಾರಿನೊಳಗೆ ತಲೆ ಹಾಕುವುದನ್ನೂ ಉಸಿರೆಳೆಯುವುದನ್ನೂ ಮಾತ್ರ ಬಿಡಲಿಲ್ಲ.

ಹೀಗಿರುವಾಗ ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಅವನ ಬಳಿ ಬಂದಳು. ಮನೆಯಲ್ಲಿ ಗಂಡ, ಆರು ವರ್ಷದ ಮಗಳು, ನಡೆಯಲಾಗದ ಅತ್ತೆ. ಶೋರೂಮಿನಲ್ಲಿ ಹೊಸ ಚಿಕ್ಕ ಕಾರು ನೋಡಿ ಬಂದಿದ್ದಳು. ಹಳೆಯ ಕಾರು ಮಾರುವ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಓಡಿದ ಮಧ್ಯಮ ಗಾತ್ರದ ಸೆಡಾನ್ ಕೂಡ ನೋಡಿದ್ದಳು. ಹಾಳೆಯೊಂದರಲ್ಲಿ ಎರಡರ ಗುಣದೋಷಗಳನ್ನೂ ಅಂದವಾಗಿ ಬರೆದು ತಂದಿದ್ದಳು.

"ನಂಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ ಅಣ್ಣ. ನಿಮ್ಮ ಮನೆಗೇ ತಗೊಳ್ತಿದ್ದೀರಿ ಅಂದ್ಕೊಂಡು ಹೇಳಿ."

ಅವನು ಮನಸ್ಸಿಟ್ಟೇ ಯೋಚಿಸಿದ. ಚಿಕ್ಕ ಕಾರಿನ ಡಿಕ್ಕಿಯಲ್ಲಿ ವೀಲ್‌ಚೇರ್ ಹಿಡಿಸುವುದಿಲ್ಲ. ಹಿಂದಿನ ಬಾಗಿಲು ಕಿರಿದು, ಅತ್ತೆಯನ್ನು ಎತ್ತಿ ಕೂರಿಸುವಾಗ ಅವರ ಮೊಣಕಾಲು ತಾಗುತ್ತದೆ. ಸೆಡಾನ್‌ನಲ್ಲಿ ಹಿಂದೆ ಕಾಲು ಚಾಚುವಷ್ಟು ಜಾಗ, ಉದ್ದನೆಯ ಡಿಕ್ಕಿ, ಉಬ್ಬುತಗ್ಗಿನಲ್ಲಿ ಮೈ ಕುಲುಕುವುದೂ ಕಡಿಮೆ. "ಗಾಡಿ ಚೆನ್ನಾಗಿದ್ರೆ ಸೆಡಾನೇ ತಗೊಳ್ಳಿ ತಾಯಿ. ನಾನು ನೋಡಿ ಹೇಳ್ತೀನಿ," ಅಂದ.

ಮರುದಿನ ಹೋಗಿ ನೋಡಿದ. ಬೂದು ಬಣ್ಣದ ಕಾರು, ತೊಳೆದು ಒರೆಸಿ ಕನ್ನಡಿಯಂತೆ ಇಟ್ಟಿದ್ದರು. ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಎಲ್ಲ ಕಡೆ ಹಿಡಿದ. ಎಲ್ಲಿಯೂ ಗುದ್ದಿ ಸರಿಮಾಡಿದ ಗುರುತಿಲ್ಲ. ಟೈರು ಸಮನಾಗಿ ಸವೆದಿತ್ತು. ಎಂಜಿನ್ ಸದ್ದು ಹದವಾಗಿತ್ತು, ಬ್ರೇಕ್ ಒತ್ತಿದರೆ ಗಾಡಿ ನೇರ ನಿಲ್ಲುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ವೈರುಗಳನ್ನು ನೋಡಲು ಕಾಲಿಡುವ ಜಾಗದಲ್ಲೇ ಅಂಗಾತ ಮಲಗಿ ಟಾರ್ಚು ಬಿಟ್ಟ. ವೈರುಗಳ ಮೇಲೆ ಹೊಸ ಟೇಪು ಸುತ್ತಿತ್ತು. ಕೇಳಿದ್ದಕ್ಕೆ ಅಂಗಡಿಯವನು, "ಮ್ಯೂಸಿಕ್ ಸಿಸ್ಟಮ್ ಬದಲಾಯಿಸಿದೀವಿ ಅಣ್ಣ," ಅಂದ.

ನೀರು ಕಂಡ ಗಾಡಿಯನ್ನು ಹಿಡಿಯಲು ಬೇರೆ ದಾರಿಗಳಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಸಿಗುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಬಹುದು, ಕಾರ್ಪೆಟ್ಟಿನ ಮೂಲೆ ಕಿತ್ತು ಕೈಯಾಡಿಸಬಹುದು. ಹತ್ತು ವರ್ಷಗಳಿಂದ ಮೂಗು ಮೊದಲೇ ಹೇಳಿಬಿಡುತ್ತಿದ್ದರಿಂದ ಇವೆಲ್ಲ ಅವನಿಗೆ ಬಿಟ್ಟುಹೋಗಿದ್ದವು. ಅಭ್ಯಾಸದಂತೆ ತಲೆ ಒಳಗೆ ಹಾಕಿ ಉಸಿರೆಳೆದ. ಏನೂ ಬರಲಿಲ್ಲ. ಏನೂ ಬರದಿದ್ದರೆ ಗಾಡಿ ಸ್ವಚ್ಛ ಎಂದೇ ಅವನ ಕೈ ಬರೆದು ಕಲಿತಿತ್ತು. ಹಾಗೇ ಬರೆಯಿತು. ನಾಲ್ಕೈದು ಫೋಟೋ ತೆಗೆದು, ವರದಿಗೆ ಅಂಟಿಸಿ, ಕೆಳಗೆ 'ಕೊಳ್ಳಬಹುದು' ಎಂದು ಸಹಿ ಹಾಕಿದ. ಮೂರನೇ ದಿನ ಕಾರು ಅವರ ಮನೆಗೆ ಹೋಯಿತು.

ಆಮೇಲೆ ಒಂದು ಭಾನುವಾರ ಬೆಳಗ್ಗೆ ಅವನ ಹೆಂಡತಿ ಬಟ್ಟೆ ಒಗೆಯಲು ಕೂತಿದ್ದಳು. ಬುಟ್ಟಿಯ ತಳದಿಂದ ಅವನ ಕೆಲಸದ ಅಂಗಿ ಎತ್ತಿದವಳು ಮುಖ ಕಿವಿಚಿ ಅದನ್ನು ದೂರ ಹಿಡಿದಳು.

"ಇದನ್ನ ಹಾಕ್ಕೊಂಡು ಯಾವ ಚರಂಡಿಗೆ ಇಳಿದಿದ್ರಿ? ಬೆನ್ನೆಲ್ಲ ಕೊಳೆತ ಕೆಸರಿನ ವಾಸನೆ. ಅದರ ಮೇಲೆ ಸೆಂಟು ಬೇರೆ. ಅಂಗಿ ಇಟ್ಟು ವಾರ ಆದ್ರೂ ಹೋಗಿಲ್ಲ."

ಅವನು ಅಂಗಿಯನ್ನು ಕೈಗೆ ತೆಗೆದುಕೊಂಡು ಮೂಗಿಗೆ ಒತ್ತಿಹಿಡಿದ. ಬರಿಯ ಬಟ್ಟೆ.

"ಯಾವತ್ತು ಹಾಕಿದ್ದೆ ಇದನ್ನ?"

"ಆ ಲೈಬ್ರರಿಯವರ ಕಾರು ನೋಡೋಕೆ ಹೋದ ದಿನ. ಏನಾಯ್ತು? ಯಾಕೆ ಹಾಗೆ ನಿಂತ್ರಿ?"

ಅವನು ಅಂಗಿಯನ್ನು ಅಲ್ಲೇ ಬಿಟ್ಟ. ಒಳಗೆ ಓಡಿ ಫೋನಿನಲ್ಲಿ ಆ ಕಾರಿನ ಫೋಟೋಗಳನ್ನು ತೆಗೆದ. ಮುಂದಿನ ಸೀಟಿನ ಚಿತ್ರವನ್ನು ಹಿಗ್ಗಿಸಿದ. ಸೀಟನ್ನು ನೆಲಕ್ಕೆ ಬಿಗಿಯುವ ಬೋಲ್ಟಿನ ತಲೆಯಲ್ಲಿ ಇಟ್ಟಿಗೆ ಬಣ್ಣದ ತುಕ್ಕು. ನಾಲ್ಕೇ ವರ್ಷದ ಕಾರಿನ ಒಳಗಡೆ ತುಕ್ಕು ಹಿಡಿಯಬೇಕಾದರೆ ಅದಕ್ಕೆ ಒಂದೇ ಕಾರಣ. ಫೋಟೋ ತೆಗೆದವನೂ ಅವನೇ, ಅಂಟಿಸಿದವನೂ ಅವನೇ, ನೋಡದಿದ್ದವನೂ ಅವನೇ.

"ನಂಗೆ ವಾಸನೆ ಬರಲ್ಲ ಕಣೇ," ಅಂದ. "ಜ್ವರ ಬಂದಾಗಿಂದ."

ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಳು. "ಅದಕ್ಕೇನಾ ಹಾಲು ತಳ ಸೀದಿದ್ರೂ ಕುಡಿದು ಎದ್ದು ಹೋಗ್ತಿದ್ರಿ. ನಾನು ಪಾಪ, ಬೈಬಾರ್ದು ಅಂತ ಸುಮ್ನಿದಾರೆ ಅಂದ್ಕೊಂಡೆ." ಕೈ ಒರೆಸಿಕೊಂಡು ಹೇಳಿದಳು, "ಮೊದಲು ಅವರಿಗೆ ಫೋನ್ ಮಾಡಿ."

ಲೈಬ್ರರಿಯವಳ ಫೋನು ಸಿಗಲಿಲ್ಲ. ಗಂಡನ ಫೋನೂ ಇಲ್ಲ. ನಾಲ್ಕು ಸಲ, ಐದು ಸಲ. ವ್ಯಾನು ತೆಗೆದು ಅವರ ಮನೆಗೆ ಹೋದರೆ ಬೀಗ. ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಬಿಡುತ್ತಾ ಹೇಳಿದಳು: "ಏಳು ಗಂಟೆಗೇ ಹೊರಟ್ರಲ್ಲ. ಬೆಟ್ಟದ ಆಚೆ ನಾದಿನಿ ಮನೆಗೆ. ಹೊಸ ಕಾರಲ್ಲಿ ಅಜ್ಜಿನ ಕರ್ಕೊಂಡು ಮೊದಲನೇ ಸಲ ಹೋಗ್ತಿದಾರೆ. ಅಜ್ಜಿಗೆ ಆಯಾಸ ಆಗ್ಬಾರ್ದು ಅಂತ ಅಲ್ಲಲ್ಲಿ ನಿಲ್ಸಿಕೊಂಡು ನಿಧಾನಕ್ಕೆ ಹೋಗ್ತಾರಂತೆ."

ಬೆಟ್ಟದ ದಾರಿ ಎಂದರೆ ಇಪ್ಪತ್ತು ಕಿಲೋಮೀಟರು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ನೋಡಲಾಗದಷ್ಟು ಆಳ. ಅಲ್ಲಿ ಫೋನೂ ಸಿಗುವುದಿಲ್ಲ. ನೀರು ಕುಡಿದ ವೈರುಗಳು ತಣ್ಣಗಿರುವ ತನಕ ಸುಮ್ಮನಿರುತ್ತವೆ, ಏರಿನಲ್ಲಿ ಬಿಸಿಯಾದಾಗ ಏನು ಮಾಡುತ್ತವೆಂದು ಹೇಳಲಾಗದು. ಸ್ಟಿಯರಿಂಗ್ ಬಿಗಿಯಾಗಬಹುದು, ಎಂಜಿನ್ ನಿಂತು ಬ್ರೇಕು ಕಲ್ಲಾಗಬಹುದು. ಅವನು ಒಂದೂವರೆ ಗಂಟೆ ಹಿಂದಿದ್ದ.

ಹಳೆಯ ವ್ಯಾನನ್ನು ಅವನು ಎಂದೂ ಹಾಗೆ ಓಡಿಸಿದವನಲ್ಲ. ಎಡಗೈಯಲ್ಲಿ ಮತ್ತೆ ಮತ್ತೆ ಫೋನು ಒತ್ತುತ್ತಿದ್ದ, ಫೋನು ಸಿಗುತ್ತಿಲ್ಲವೆಂದು ಕಂಪನಿಯ ಅದೇ ಹೆಂಗಸಿನ ದನಿ ಹೇಳುತ್ತಿತ್ತು. ನಿಮ್ಮ ಮನೆಗೇ ತಗೊಳ್ತಿದ್ದೀರಿ ಅಂದ್ಕೊಂಡು ಹೇಳಿ ಅಂದಿದ್ದಳು ಲೈಬ್ರರಿಯವಳು. ಚಿಕ್ಕ ಕಾರು ತಗೊಂಡಿದ್ದರೆ ಏನಾಗುತ್ತಿತ್ತು? ಮುದುಕಿಯ ಮೊಣಕಾಲು ತಾಗುತ್ತಿತ್ತು, ಅಷ್ಟೇ. ಬೆಟ್ಟ ಹತ್ತಲು ಶುರುವಾದ ಮೇಲೆ ಪ್ರತಿ ತಿರುವಿನಲ್ಲೂ ರಸ್ತೆಗಿಂತ ಮೊದಲು ಅಂಚಿನ ತಡೆಗೋಡೆ ನೋಡುತ್ತಿದ್ದ, ಎಲ್ಲಾದರೂ ಒಡೆದಿದೆಯೇ ಎಂದು. ಎದುರು ಬಂದ ಲಾರಿಯನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಕೇಳಿದ.

"ಬೂದು ಬಣ್ಣದ ಕಾರಾ?" ಅಂದ ಲಾರಿಯವನು. "ಮೇಲೆ ಮೂರ್ನಾಲ್ಕು ತಿರುವು ಆದ್ಮೇಲೆ ನಿಂತಿದೆ. ಹೊಗೆ ಬರ್ತಿತ್ತು. ನಿಲ್ಸೋಣ ಅಂದ್ರೆ ಆ ಇಳಿಜಾರಲ್ಲಿ ನನ್ನ ಲೋಡು ನಿಲ್ಲಲ್ಲ."

ಕಾರು ಬಂಡೆಯ ಕಡೆಗೆ ಮೂತಿ ತಿರುಗಿಸಿ ನಿಂತಿತ್ತು. ಲೈಬ್ರರಿಯವಳು ಹಿಂದಿನ ಗಾಜಿಗೆ ಎರಡೂ ಅಂಗೈ ಬಡಿಯುತ್ತಿದ್ದಳು. ಅವಳ ಗಂಡ ದೊಡ್ಡ ಕಲ್ಲೊಂದನ್ನು ಎತ್ತಿ ಗಾಜಿನ ನಡುವಿಗೆ ಹೊಡೆಯುತ್ತಿದ್ದ. ಕಲ್ಲು ಜಾರಿ ಅವನ ಕೈಯೇ ತರಚಿ ರಕ್ತ ಬರುತ್ತಿತ್ತು. ಮಗು ಮತ್ತು ಅಜ್ಜಿ ಒಳಗಿದ್ದರು. ಕಾರು ತಾನಾಗಿ ನಿಂತಿತೆಂದು ನೋಡಲು ಗಂಡಹೆಂಡತಿ ಇಳಿದಿದ್ದರು. ಇಳಿದ ಕೂಡಲೇ ನಾಲ್ಕೂ ಬಾಗಿಲು ಟಕ್ಕೆಂದು ಲಾಕ್ ಆಗಿದ್ದವು. ಕೀ ಒಳಗೇ ಇತ್ತು. ಮಗು ಮುಂದೆ ಬಂದು ಹಿಡಿ ಎಳೆದರೆ ಹಿಡಿ ಮಾತ್ರ ಬಂತು, ಬಾಗಿಲು ಬರಲಿಲ್ಲ. ಡ್ಯಾಶ್‌ಬೋರ್ಡಿನ ಸಂದಿನಿಂದ ಬೂದು ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು.

ಮೂಗಣ್ಣ ವ್ಯಾನಿನ ಪೆಟ್ಟಿಗೆಯಿಂದ ಮೊನಚಾದ ಉಳಿ, ಸುತ್ತಿಗೆ, ಇಕ್ಕಳ ತೆಗೆದುಕೊಂಡು ಓಡಿದ. "ನಡುವಿಗೆ ಹೊಡೀಬೇಡಿ, ಸರೀರಿ," ಎಂದು ಗಂಡನನ್ನು ತಳ್ಳಿದ. ಒಳಗಿನ ಮಗುವಿಗೆ ಕೂಗಿ ಹೇಳಿದ, "ಹಿಂದೆ ಹೋಗಿ ಅಜ್ಜಿ ಮಡಿಲಲ್ಲಿ ಮುಖ ಮುಚ್ಕೋ ಪುಟ್ಟಿ, ನೋಡ್ಬೇಡ." ಮಗು ಸೀಟು ದಾಟಿ ಹೋಯಿತು. ಮುಂದಿನ ಬಾಗಿಲ ಗಾಜಿನ ಕೆಳಮೂಲೆಗೆ ಉಳಿ ಇಟ್ಟು ಒಂದೇ ಏಟು ಹಾಕಿದ. ಗಾಜು ಕಡಲೆಕಾಳಿನಂತೆ ಉದುರಿತು, ಹೊಗೆ ಅವನ ಮುಖಕ್ಕೇ ನುಗ್ಗಿತು.

ಹಿಂದೆ ನಿಂತ ಗಂಡ ಕೆಮ್ಮುತ್ತಾ, "ಏನು ಸುಡ್ತಿದೆ? ಪೆಟ್ರೋಲಾ? ನಿಮಗೆ ವಾಸನೆಯಲ್ಲೇ ಗೊತ್ತಾಗುತ್ತಲ್ಲ, ಹೇಳಿ," ಅಂದ.

"ನಂಗೆ ಗೊತ್ತಾಗ್ತಿಲ್ಲ. ನಂಗೆ ವಾಸನೆ ಬರಲ್ಲ. ನೀವು ಹೇಳಿ, ಪೆಟ್ರೋಲ್ ಥರ ಇದೆಯಾ, ಪ್ಲಾಸ್ಟಿಕ್ ಥರಾನಾ?"

ಗಂಡ ಅವನ ಮುಖವನ್ನೇ ನೋಡಿದ. ಉತ್ತರ ಕೊಟ್ಟವಳು ಹೆಂಡತಿ. "ಪ್ಲಾಸ್ಟಿಕ್ಕು."

ಹಾಗಾದರೆ ವೈರು. ಅವನು ಕಿಟಕಿಯಿಂದ ಅರ್ಧ ಮೈ ಒಳಗಿಳಿಸಿ ಬಾನೆಟ್ಟಿನ ಹಿಡಿ ಎಳೆದ, ಓಡಿಹೋಗಿ ಬ್ಯಾಟರಿಯ ವೈರನ್ನು ಇಕ್ಕಳ ಹಾಕಿ ಕಿತ್ತ. ಮತ್ತೆ ಒಳಗೆ ಬಾಗಿ ಹಿಂದಿನ ಬಾಗಿಲಿನ ಲಾಕನ್ನು ಕೈಯಲ್ಲಿ ಎಳೆದ. ತುಕ್ಕು ಹಿಡಿದು ಅದು ಅಲುಗಲಿಲ್ಲ. ಇಕ್ಕಳದಲ್ಲಿ ಕಚ್ಚಿಸಿ, ಇದ್ದಬದ್ದ ಬಲವೆಲ್ಲ ಹಾಕಿ ಎಳೆದ. ಎರಡು ಸಲ ಜಾರಿತು. ಮೂರನೇ ಸಲ ಮೇಲೆ ಬಂತು. ಹೊರಗಿನಿಂದ ಗಂಡ ಬಾಗಿಲು ತೆಗೆದು ಮಗಳನ್ನು ಎಳೆದು ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ತಂದು ರಸ್ತೆಯಾಚೆ ಮಲಗಿಸಿದರು. ಅವರ ತುಟಿ ನೀಲಿಗಟ್ಟಿತ್ತು. ಎದೆ ಏರಿ ಇಳಿಯುತ್ತಿತ್ತು, ಆದರೆ ಕರೆದರೆ ಓಗೊಡಲಿಲ್ಲ.

ವ್ಯಾನಿನಲ್ಲಿ ಅವರನ್ನೆಲ್ಲ ಕೂರಿಸಿಕೊಂಡು ಅವನು ಕೆಳಗಿನ ಊರಿನ ಆಸ್ಪತ್ರೆಗೆ ಬಂದ. ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗಿನ ಬೆಂಚಿನಲ್ಲಿ ಎಲ್ಲವನ್ನೂ ಹೇಳಿದ: ಜ್ವರ, ಅಂಗಿ, ಬೋಲ್ಟು, ಎಳೆಯದೇ ಬಿಟ್ಟ ಸೀಟ್ ಬೆಲ್ಟು. ಗಂಡ ಎದ್ದು ಅವನ ಅಂಗಿಯ ಕತ್ತು ಹಿಡಿದ. ಹೊಡೆಯುತ್ತಾನೆಂದು ಮೂಗಣ್ಣ ಕಣ್ಣು ಮುಚ್ಚಿಕೊಂಡ, ಹೊಡೆದರೆ ಒಳ್ಳೆಯದು ಅಂತಲೂ ಅನ್ನಿಸಿತು. ಗಂಡ ಕೈ ಬಿಟ್ಟು ಗೋಡೆಯ ಕಡೆ ತಿರುಗಿ ನಿಂತ.

"ನೀವಿನ್ನು ಹೊರಡಿ," ಅಂದಳು ಲೈಬ್ರರಿಯವಳು.

ಅಜ್ಜಿಗೆ ಮರುದಿನ ಎಚ್ಚರವಾಯಿತು. ಆದರೆ ಶ್ವಾಸಕೋಶಕ್ಕೆ ಹೊಗೆ ಹೋಗಿ ಹನ್ನೊಂದು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಆ ಹನ್ನೊಂದು ದಿನ ಮೂಗಣ್ಣ ಕೆಲಸಕ್ಕೆ ಹೋಗಲಿಲ್ಲ. ಜ್ವರದ ನಂತರ ತಾನು ಪಾಸು ಮಾಡಿದ ಕಾರುಗಳ ಪಟ್ಟಿ ತೆಗೆದ. ಮೂವತ್ತೆಂಟಿದ್ದವು. ಹೆಂಡತಿ ಪಕ್ಕದಲ್ಲಿ ಕೂತು ಒಂದೊಂದೇ ನಂಬರು ಓದಿದಳು, ಅವನು ಒಬ್ಬೊಬ್ಬರಿಗೇ ಫೋನು ಮಾಡಿ ಅದನ್ನೇ ಹೇಳಿದ: ನಂಗೆ ವಾಸನೆ ಬರಲ್ಲ, ನಾನು ಸರಿಯಾಗಿ ನೋಡಿಲ್ಲ, ದಯವಿಟ್ಟು ಬೇರೆಯವರ ಹತ್ತಿರ ಮತ್ತೆ ತೋರಿಸಿ. ಕೆಲವರು ಬೈದರು. ಒಬ್ಬ ನಕ್ಕು, "ಬೆಳಗ್ಗೆ ಬೆಳಗ್ಗೆ ತಮಾಷೆನಾ ಮೂಗಣ್ಣ?" ಎಂದು ಕೇಳಿದ. ಇನ್ನೊಬ್ಬ, "ಹೀಗೆಲ್ಲ ಹೇಳ್ಕೊಂಡು ತಿರುಗಿದ್ರೆ ನಿಮ್ಮ ಹೊಟ್ಟೆಪಾಡು?" ಅಂದ. ಆ ಪ್ರಶ್ನೆಯನ್ನು ಹೆಂಡತಿಯೂ ಕೇಳಿರಲಿಲ್ಲ. ದೀಪ ಆರಿಸಿದ ಮೇಲೆ ಇಬ್ಬರೂ ನಿದ್ದೆ ಬಂದವರಂತೆ ಮಲಗಿರುತ್ತಿದ್ದರು.

ಹನ್ನೆರಡನೆಯ ದಿನ ಲೈಬ್ರರಿಯವಳು ಅವನ ಮನೆಗೆ ಬಂದಳು. ಕೂರಲಿಲ್ಲ. ಅಂಗಡಿಯವನ ಮೇಲೆ ದೂರು ಕೊಟ್ಟಿದ್ದಳು. ಮುಳುಗೆದ್ದ ಕಾರನ್ನು ಮುಚ್ಚಿಟ್ಟು ಮಾರಿದನೆಂದು ಸಾಬೀತಾಗಬೇಕಾದರೆ ಪರೀಕ್ಷಿಸಿದವನೇ ಬರೆದುಕೊಡಬೇಕು. ಕಾರಿನಲ್ಲಿ ಏನಿತ್ತು, ತಾನು ಏನು ನೋಡಲಿಲ್ಲ, ಯಾಕೆ ನೋಡಲಿಲ್ಲ ಎಂದು. ಕಾಗದವನ್ನು ಮೇಜಿನ ಮೇಲಿಟ್ಟಳು.

"ಇದಕ್ಕೆ ಸಹಿ ಹಾಕಿದ್ರೆ ನಿಮಗೆ ಇನ್ಮೇಲೆ ಯಾರೂ ಕಾರು ತೋರ್ಸಲ್ಲ. ಅದು ನಂಗೆ ಗೊತ್ತು," ಅಂದಳು. "ನೀವು ಬಂದಿದ್ದಕ್ಕೆ ಅವರಿಬ್ಬರೂ ಬದುಕಿದಾರೆ. ನೀವು ಬರೆದುಕೊಟ್ಟಿದ್ದಕ್ಕೇ ಒಳಗೆ ಸಿಕ್ಕಿಹಾಕ್ಕೊಂಡ್ರು. ಯಾವುದನ್ನ ಹಿಡ್ಕೊಳ್ಳಲಿ ಅಂತ ನಂಗೇ ತಿಳೀತಿಲ್ಲ."

"ಮಗು ಹೇಗಿದೆ?"

"ಕಾರು ಅಂದ್ರೆ ಅಳ್ತಾಳೆ. ಸ್ಕೂಲಿಗೆ ನಡ್ಕೊಂಡೇ ಹೋಗ್ತೀವಿ."

ಅವನು ಕಾಗದವನ್ನು ಪೂರ್ತಿ ಓದಿದ. ಒಂದು ಕಡೆ 'ಗಮನಿಸಲಾಗಲಿಲ್ಲ' ಎಂದಿದ್ದುದನ್ನು ಹೊಡೆದುಹಾಕಿ 'ಗಮನಿಸಲಿಲ್ಲ' ಎಂದು ತಿದ್ದಿ ಸಹಿ ಹಾಕಿದ. ಅವಳು ಆ ತಿದ್ದುಪಡಿಯನ್ನು ಸ್ವಲ್ಪ ಹೊತ್ತು ನೋಡಿ, ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಬಳಿ ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದಳು. ಲೈಬ್ರರಿಯವಳು ಬೇಡ ಎನ್ನಲಿಲ್ಲ. ನಿಂತೇ ಕುಡಿದು, ಲೋಟ ಕೊಟ್ಟು ಹೊರಟಳು.

ಪಟ್ಟಿಯಲ್ಲಿ ಇನ್ನೂ ನಾಲ್ಕು ನಂಬರು ಉಳಿದಿದ್ದವು. ಹೆಂಡತಿ ಬಂದು ಕೂತು ಮುಂದಿನದನ್ನು ಓದಿದಳು. ಆ ಕಡೆ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ಯಾರೋ ಎತ್ತಿಕೊಂಡರು. ಅವನು ತಾನು ಯಾರೆಂದು ಹೇಳತೊಡಗಿದ.