ಹವಾಲ್ದಾರರ ಹತ್ತು ನಿಮಿಷ

ನನ್ನನ್ನು ಪೆಟ್ಟಿಗೆಯಿಂದ ಹೊರತೆಗೆದ ದಿನವೇ ಗಿರಿಜಾ ಅಂಗಡಿ ಮೇಡಂ ಒಂದು ಮಾತು ಕೊಟ್ಟರು. ಅವರು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಎದುರಿಗೆ ನಿಂತಿದ್ದವರು ನಿವೃತ್ತ ಹವಾಲ್ದಾರ ಫಕೀರಪ್ಪ ತೋರಗಲ್ಲ.

“ಈ ಮೈಕ್ ನಿಮ್ಮ ಕೈಯಾಗ ಕೊಡ್ತೀನ್ರಿ. ಹತ್ತು ನಿಮಿಷ ಯಾರೂ ಕಸಗೊಳ್ಳಂಗಿಲ್ಲ.”

ಹೌದು, ನಾನು ಒಂದು ಮೈಕು. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವರು ಭಜನೆಗೋ ಆರ್ಕೆಸ್ಟ್ರಾಕ್ಕೋ ಹೋದರು. ನನ್ನ ಹಣೆಯಲ್ಲಿ ಸ್ವಾಗತ ಭಾಷಣ ಬರೆದಿತ್ತು. ಸ್ಟ್ಯಾಂಡಿನ ಮೇಲೆ ನಿಂತು ನೋಡಿದರೆ ಮನುಷ್ಯರೆಂದರೆ ಒಂದು ಗದ್ದ, ಎರಡು ಮೂಗಿನ ಹೊಳ್ಳೆ.

ಮೇಡಂ ಪ್ರತಿ ಜುಲೈನಲ್ಲಿ ಯುದ್ಧದ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಮಾಜಿ ಸೈನಿಕರನ್ನು ಕೂರಿಸಿ ಸಂವಾದ ನಡೆಸುತ್ತಿದ್ದರು. ಹವಾಲ್ದಾರರಿಗೆ ಹೇಳಬೇಕಾಗಿದ್ದದ್ದು ಒಂದೇ ಸಂಗತಿ. ಅವರ ತುಕಡಿಯ ಅಡುಗೆಯವ ದುಂಡಪ್ಪ ಗಡಿಯಲ್ಲಿ ಸತ್ತಿದ್ದ. ಯಾವ ಸಿನಿಮಾದಲ್ಲೂ ಅಡುಗೆಯವನ ಫೋಟೊ ಬರುವುದಿಲ್ಲವೆಂಬುದು ಅವರ ಸಂಕಟ.

ಮೊದಲ ವರ್ಷ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸಸಿಗೆ ನೀರು, ಸನ್ಮಾನ ಎಲ್ಲ ಸಾಂಗವಾಗಿ ಆಯಿತು. ಹವಾಲ್ದಾರರಿಗೆ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬಳಿಕ ಆಡಳಿತ ಮಂಡಳಿಯ ಅಧ್ಯಕ್ಷರು ಎರಡೇ ಮಾತು ಎಂದು ನನ್ನನ್ನು ಹಿಡಿದರು. ಎನ್‌ಸಿಸಿಯಲ್ಲಿ ಮರದ ಬಂದೂಕು ಹೊತ್ತ ಕಥೆಯೇ ಐವತ್ತು ನಿಮಿಷ ನಡೆಯಿತು. ಹವಾಲ್ದಾರರ ಊರಿನ ಕೊನೆಯ ಬಸ್ಸು ಐದಕ್ಕೆ. ಬುಟ್ಟಿ ಹಿಡಿದುಕೊಂಡೇ ಓಡಿದರು.

ಎರಡನೆಯ ವರ್ಷ ಸರದಿ ಅವರವರೆಗೂ ಬಂತು. ಎದ್ದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಕ್ರೀಡಾ ವಿಭಾಗದ ಸಂಪಗಾವಿ ಸರ್ ಲ್ಯಾಪ್‌ಟಾಪಿನಲ್ಲಿ ಏನನ್ನೋ ಒತ್ತಿದರು, ರಾಷ್ಟ್ರಗೀತೆ ಶುರುವಾಯಿತು. ಹವಾಲ್ದಾರರು ಗೂಟ ಹೊಡೆದಂತೆ ಸೆಟೆದು ನಿಂತರು. ಮುಗಿದ ಕ್ಷಣವೇ ಹುಡುಗರು ಬಾಗಿಲಿಗೆ ನುಗ್ಗಿದರು. ಹುಡುಗರನ್ನು ವಾಪಸ್ ಕರೆಯಿರಿ ಎಂದು ಮೇಡಂ ಕೂಗಿದರೆ ತಡೆದವರು ಹವಾಲ್ದಾರರೇ.

“ಬ್ಯಾಡ್ರಿ ಅಕ್ಕಾರ. ರಾಷ್ಟ್ರಗೀತೆ ಆದಮ್ಯಾಲೆ ಮತ್ತ ಭಾಷಣ ಮಾಡೂದು ಚಲೋ ಅಲ್ಲ.”

ಹೀಗೆ ವರ್ಷಗಳು ಉರುಳಿದವು, ಶಾಲುಗಳು ಬೆಳೆದವು. ಏಳನೆಯದು ಬಂದಾಗ, ಇನ್ನು ಮೇಲೆ ಚಾದರವನ್ನಾದರೂ ಕೊಡಿಸಿಕೊಂಡು ಬನ್ನಿ ಎಂದು ಅವರ ಹೆಂಡತಿ ಹೇಳಿ ಕಳಿಸಿದರಂತೆ.

ಈ ನಡುವೆ ಕಾಲೇಜಿಗೆ ವೈರಿಲ್ಲದ ಮೈಕು ಬಂತು. ನಾನು ಸಂಪಗಾವಿ ಸರ್ ಕೈಸೇರಿದೆ. ಅವರು ಕಬಡ್ಡಿ ನಡೆಸುವಾಗ ನನ್ನ ಮುಖಕ್ಕೇ ಸೀಟಿ ಊದುತ್ತಿದ್ದರು. ಎರಡು ಬಾರಿ ಅಂಗಳದಲ್ಲಿ ಬಿದ್ದೆ. ದನಿ ಒಡೆಯಿತು.

ಮೇಡಂ ನಿವೃತ್ತಿಯ ವರ್ಷ ಬಂತು. ಅದು ಅವರ ಕೊನೆಯ ಪ್ರದರ್ಶನ. ಈ ಸಲ ತಪ್ಪಿದರೆ ಮುಗಿಯಿತು. ಅವರು ವೇದಿಕೆ ತೆಗೆಸಿದರು, ಶಾಲು ರದ್ದು ಮಾಡಿದರು, ಅಧ್ಯಕ್ಷರಿಗೆ ಮುಂದಿನ ವಾರದ ತಾರೀಖು ಹೇಳಿದರು. ಸಿನಿಮಾಕ್ಕೂ ಮೊದಲೇ ಹವಾಲ್ದಾರರನ್ನು ಎಬ್ಬಿಸಿದರು. ಹೊಸ ಮೈಕಿಗೆ ಸೆಲ್ ಹಾಕುವುದನ್ನು ಮಾತ್ರ ಎಲ್ಲರೂ ಮರೆತಿದ್ದರು.

ನನ್ನನ್ನು ಓಡೋಡಿ ತಂದರು. ಮೇಡಂ ತಾವೇ ನನ್ನನ್ನು ಹವಾಲ್ದಾರರ ಕೈಗಿಟ್ಟರು. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿದೆ. ಒಂದು ಸಲ ಕರ್ ಎಂದು ಸುಮ್ಮನಾದೆ. ಸಂಪಗಾವಿ ಸರ್ ನನ್ನ ತಲೆಗೆ ನಾಲ್ಕು ತಟ್ಟಿದರು. ಪ್ರಯೋಜನವಾಗಲಿಲ್ಲ. ಮೇಡಂ ಮುಖ ನೋಡಲಾಗಲಿಲ್ಲ ನನಗೆ.

ಹವಾಲ್ದಾರರು ನನ್ನನ್ನು ಕೆಳಗಿಡಲಿಲ್ಲ. “ಹಿಂದಿನವ್ರು ಮುಂದ ಬರ್ರಿ. ನೆಲಕ್ಕ ಕೂಡ್ರಿ,” ಎಂದರು. ಪರೇಡ್ ಮೈದಾನದ ಗಂಟಲು ಅದು, ಕಿಟಕಿಯ ಗಾಜು ನಡುಗಿತು. ಇನ್ನೂರು ಹುಡುಗರು ಮುಂದೆ ಬಂದು ಕುಳಿತರು. ಇಂಥ ಗಂಟಲಿಟ್ಟುಕೊಂಡು ಈ ಮನುಷ್ಯ ಇಷ್ಟು ವರ್ಷ ನನಗಾಗಿ ಕಾದಿದ್ದರು!

ದುಂಡಪ್ಪ ಬೆನ್ನಿಗೆ ಚಹಾದ ಕ್ಯಾನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದನಂತೆ. ಸಕ್ಕರೆ ಸಾಲದೆಂದವರಿಗೆ ಅವರ ಅಪ್ಪನಿಂದ ಹಿಡಿದು ಬೈಯುತ್ತಿದ್ದನಂತೆ. ಹುಡುಗರು ನಕ್ಕರು. ಅವನು ಸತ್ತ ದಿನ ಫಿರಂಗಿಯ ಶೆಲ್ ಬಿದ್ದ ಮೇಲೆ ಮೊದಲು ಸಿಕ್ಕಿದ್ದು ಕ್ಯಾನು.

“ಚಹಾ ಇನ್ನೂ ಬಿಸಿ ಇತ್ತು. ಕುಡದ್ವಿ. ಅವ ಮಾಡಿದ್ದು ಚೆಲ್ಲಾಕ ಮನಸ್ಸಾಗಲಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರ ಬೆವರಿದ ಅಂಗೈಯಲ್ಲಿ ನಾನಿದ್ದೆ.

ಈಗ ಕ್ರೀಡಾ ಕೋಣೆಯ ಕಪಾಟಿನಲ್ಲಿ, ಗಾಳಿ ಹೋದ ವಾಲಿಬಾಲಿನ ಪಕ್ಕ ಮಲಗಿದ್ದೇನೆ. ಸಾವಿರ ಭಾಷಣಗಳನ್ನು ಸಾರಿದವನು ನಾನು, ಒಂದೂ ನೆನಪಿಲ್ಲ. ಸಾರದೆ ಉಳಿದ ಒಂದು ನೆನಪಿದೆ. ಅಂದು ಹತ್ತು ನಿಮಿಷ ನನ್ನನ್ನು ಯಾರೂ ಕಸಿದುಕೊಳ್ಳಲಿಲ್ಲ. ಮೇಡಂ ಮಾತು ಉಳಿಸಿಕೊಂಡರು.