ತಪಸ್ಸುಕಾಲದ ಸಾರು

ಮಾಂಸ ಮುಟ್ಟಬಾರದ ತಪಸ್ಸುಕಾಲ, ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಡುಮಧ್ಯಾಹ್ನದ ಹೊತ್ತಿಗೆ ನಮ್ಮ ಮಹಡಿಯಿಂದ ಮಾಂಸ ಬೇಯುವ ವಾಸನೆ ಬಂತು. ನಾನು ಕೆಳಗೆ ರೇಷ್ಮೆ ಮಗ್ಗದಲ್ಲಿ ಕೂತಿದ್ದೆ. ಮೇಲೆ, ಮೊದೆನಾದಿಂದ ಬಂದ ಆಸ್ಕಾನಿಯೊ ಮೇಷ್ಟ್ರು ಹುಡುಗರಿಗೆ ಲ್ಯಾಟಿನ್ ಹೇಳಿಕೊಡುತ್ತಿದ್ದರು. ಈಸ್ಟರ್ ಕಳೆದ ಮೇಲೆ ಅವರಿಗೆ ನಮ್ಮ ಊರು ಲುಕ್ಕಾದ ಪೌರತ್ವ ಕೊಡಬೇಕೋ ಬೇಡವೋ ಎಂದು ಊರಾಳುವ ಸಭೆ ತೀರ್ಮಾನಿಸುವುದಿತ್ತು. ಕೊಟ್ಟರೆ ಊರಿನ ಶಾಲೆಯೇ ಅವರದು. ಅದಕ್ಕೆ ಮೊದಲು, ಇವರು ಒಳ್ಳೆಯ ಕ್ರೈಸ್ತರೆಂದು ಕೇರಿಯ ಪಾದ್ರಿಗಳು ಸಾಕ್ಷಿ ಹೇಳಬೇಕು.

ಎದುರುಮನೆಯ ದಿಯಾನೊರಾ ಬಾಗಿಲಿಗೆ ಬಂದಳು. "ಮೂಗು ಸತ್ತಿದೆಯೇನಣ್ಣ ನಿಂಗೆ? ಉಪವಾಸದ ದಿನ ಮೇಲೆ ಹಬ್ಬದಡುಗೆ!"

"ಯಾರ ಮನೇದೋ ಏನೋ, ಬಿಡಕ್ಕ."

"ಪೋಪರಿಗೆ ತಿರುಗಿಬಿದ್ದ ಜರ್ಮನಿಯ ಪಾಷಂಡಿಗಳು ಹೀಗೇ ಶುರುಮಾಡಿದ್ದಂತೆ. ಅವರ ಹತ್ರ ಕಲೀತಿರೋ ನನ್ನ ಮಗ ಆಗ್ಲೇ ಆ ಹಳೇ ರೋಮಿನ ದೇವರು ಹರ್ಕ್ಯುಲಿಸನ ಮೇಲೆ ಆಣೆ ಹಾಕ್ತಾನೆ, ಗೊತ್ತಾ?"

ಅವಳು ಹೇಳಿಕಳಿಸಿ, ಸಂಜೆಯೊಳಗೆ ಕೇರಿಯ ಪ್ರೊಸ್ಪೆರೊ ಪಾದ್ರಿಗಳು ಬಂದರು. ಅವರ ಹಿಂದೆ ನಾವಿಬ್ಬರೂ ಮೆಟ್ಟಿಲೇರಿದೆವು. ಮೇಷ್ಟ್ರು ಪಾತ್ರೆಯನ್ನೇ ಮುಂದಿಟ್ಟರು.

"ಕುಡೀರಿ ಪಾದ್ರಿಗಳೇ. ಬಾಯಿ ಅಂಟ್ಕೊಂಡ್ರೆ ನನ್ನ ಬೈಬೇಡಿ."

ಹುಡುಗರ ಹರಿದ ಪುಸ್ತಕ ಕಟ್ಟಲು, ಚರ್ಮದ ಹಾಳೆಯ ಚೂರುಗಳನ್ನು ಕುದಿಸಿ ಅಂಟು ಮಾಡಿದ್ದರು. ಪಾದ್ರಿಗಳು ಬೆರಳದ್ದಿ, ಮೂಸಿ, ನಕ್ಕುಬಿಟ್ಟರು. ದಿಯಾನೊರಾ ನಗಲಿಲ್ಲ.

"ಅಂಟು ಸರಿ. ಅಂಟಿಸ್ತಿರೋದು ಏನು, ಅದನ್ನ ಕೇಳಿ."

ಪಾದ್ರಿಗಳು ಪುಸ್ತಕ ಎತ್ತಿಕೊಂಡು ಪುಟ ತಿರುವಿದರು. ಕ್ರಿಸ್ತನಿಗಿಂತ ಮೊದಲೇ ಬದುಕಿದ್ದ ರೋಮಿನವನೊಬ್ಬ ಪೌರನ ಕರ್ತವ್ಯಗಳನ್ನು ಕುರಿತು ಬರೆದದ್ದು.

"ಪ್ರಭು ಕ್ರಿಸ್ತನ ಹೆಸರೇ ಇಲ್ಲವಲ್ಲ ಮೇಷ್ಟ್ರೆ."

"ಊರಲ್ಲಿ ನೆಟ್ಟಗೆ ಬಾಳೋದು ಹೇಗೆ ಅಂತ ಇದೆ."

"ಪ್ರಭುವನ್ನ ಅರಿಯದವನೂ ನೆಟ್ಟಗೆ ಬಾಳಬಹುದು ಅಂತೀರಾ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲವೆಂದು ಹೇಳಿ ಬಚಾವಾಗುತ್ತಿದ್ದರು. ಮೇಷ್ಟ್ರು ಮಾತ್ರ, "ಬಾಳಿದ್ದಾರಲ್ಲ," ಎಂದರು.

"ಇದನ್ನ ಬಿಟ್ಟು ಬರೀ ಧರ್ಮೋಪದೇಶ ಹೇಳ್ಕೊಡಿ. ನಾನು ಸಾಕ್ಷಿ ಹೇಳ್ತೀನಿ."

"ನಾಳೆ ಸಭೇಲಿ ಕೂರೋ ಮಕ್ಕಳು ಇವರು. ಎರಡೂ ಬೇಕು."

ಪಾದ್ರಿಗಳು ಪುಸ್ತಕ ಕೆಳಗಿಟ್ಟು ಇಳಿದುಹೋದರು. ಮರುದಿನದಿಂದ ಹುಡುಗರು ಕಡಿಮೆಯಾಗುತ್ತ ಬಂದರು. ನಾನು ಮಾತ್ರ ಆಗಾಗ ಕೈ ನಿಲ್ಲಿಸಿ ಮೇಲಿನ ಪಾಠಕ್ಕೆ ಕಿವಿಗೊಡುತ್ತಿದ್ದೆ. ತಿಳಿಯದ ಆ ಮಾತಿನಲ್ಲಿ ಏನೋ ಅಡಗಿದೆ ಅನ್ನಿಸುತ್ತಿತ್ತು. ಒಮ್ಮೆ ಮೇಷ್ಟ್ರು ಮೆಟ್ಟಿಲಿಂದಲೇ ಕೂಗಿದರು. "ಅಣ್ಣ, ಮಗ್ಗದ ಸದ್ದು ನಿಂತ್ರೆ ನಂಗೆ ಗೊತ್ತಾಗುತ್ತೆ."

ಕೊನೆಗೆ ದಿಯಾನೊರಾಳ ಮಗನೂ ಬರುವುದನ್ನು ಬಿಟ್ಟ. ಸಾಕ್ಷಿ ಹೇಳುವುದಿಲ್ಲವೆಂದು ಪಾದ್ರಿಗಳು ಹೇಳಿಕಳಿಸಿದರು. ಸಭೆ ಸೇರುವವರೆಗೆ ಆಸ್ಕಾನಿಯೊ ಮೇಷ್ಟ್ರು ಕಾಯಲಿಲ್ಲ. ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ, ಊರು ಬಿಟ್ಟು ಹೋದರು.