ಮೂಡಲ ಗೋಲಿನ ಆರು ಹೆಜ್ಜೆ

ಆ ಹಟ್ಟಿಗೆ ಹೋದವರು ಮಳೆ ಬೆಳೆ ಕೇಳಲಿ, ಮದುವೆ ಮುಂಜಿ ಕೇಳಲಿ, ಹಳೇ ಗ್ರೌಂಡಿನ ಸುದ್ದಿ ಮಾತ್ರ ಎತ್ತಬಾರದು. ಎತ್ತಿದರೋ, ಚಳ್ಳಕೆರೆಯ ಬಸ್ಸು ತಪ್ಪಿತೆಂದೇ ಲೆಕ್ಕ. ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು, ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಂಡು ಶುರು ಹಚ್ಚುತ್ತಾರೆ. ದನ ಮೇಯಲು ಬಿಟ್ಟ ಉಳ್ಳಾರ್ತಿ ಕಾವಲಿನ ಆ ಹುಲ್ಲೇನು, ಆ ಗಾಳಿಯೇನು! ಶನಿವಾರ ಚಿಕ್ಕೀರಪ್ಪನ ಕುರಿಮಂದೆ ಬಿಟ್ಟು ಹುಲ್ಲನ್ನು ಸಮ ಮಾಡಿಸುತ್ತಿದ್ದುದು, ಭಾನುವಾರ ಆಟದ ನಡುವೆ ಅಮೃತಮಹಲ್ ದನ ಬಂದರೆ ರೆಫ್ರಿ ಸೀಟಿ ಊದಿ ಎರಡೂ ತಂಡದವರು ಕೈಕಟ್ಟಿ ನಿಂತು ದಾರಿ ಬಿಡುತ್ತಿದ್ದುದು, ದೇವಸಮುದ್ರದ ತಂಡದವರು ಬಂದ ದಿನ 'ಕೊಟ್ಟರಾ, ಕೊಟ್ಟರಾ', ಅಂದರೆ ಹೊಡಿಯೋ ಹೊಡಿಯೋ, ಎಂದು ತೆಲುಗಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಸೋತು ಹೋಗುತ್ತಿದ್ದುದು, ಒಂದನ್ನೂ ಬಿಡುವುದಿಲ್ಲ.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಮಾತಿಗೆ. "ಮೂಡಲ ಗೋಲಲ್ಲಿ ದೇವ್ರು ಇದ್ದ ಕಣ್ರಪ್ಪ. ಓಬಳೇಶ ಬಲಗಡೆಯಿಂದ ಒದ್ದ ಅಂದ್ರೆ ಚೆಂಡು ತಾನೇ ಒಳಗೆ ಹೋಗ್ತಿತ್ತು!"

ಈ ಮಾತು ಬಂದಾಗಲೆಲ್ಲ ಒಬ್ಬ ಮನುಷ್ಯ ಮಾತ್ರ ಟೀ ಲೋಟದೊಳಕ್ಕೆ ಮುಖ ಹಾಕಿಬಿಡುತ್ತಿದ್ದ. ಅವನೇ ದಾಸಣ್ಣ. ವಯಸ್ಸು ಅರವತ್ತಾರು. ಅವರಿವರ ಹೊಲದಲ್ಲಿ ಕೂಲಿ ಮಾಡಿ ಬದುಕಿದವನು. ಚೆಂಡು ಒದ್ದವನಲ್ಲ, ಆದರೆ ಇಪ್ಪತ್ತೆಂಟು ವರ್ಷ ಒಂದು ಭಾನುವಾರವನ್ನೂ ತಪ್ಪಿಸದೆ ಆ ಗ್ರೌಂಡಿಗೆ ಬೂದಿ ಗೆರೆ ಎಳೆದವನು. ಹಟ್ಟಿಯ ಹೆಂಗಸರು ವಾರವಿಡೀ ಒಲೆಯ ಬೂದಿಯನ್ನು ಅವನಿಗೆಂದೇ ತೆಗೆದಿಡುತ್ತಿದ್ದರು. ತಳದಲ್ಲಿ ತೂತು ಹೊಡೆದ ಡಾಲ್ಡಾ ಡಬ್ಬಕ್ಕೆ ಅದನ್ನು ತುಂಬಿ, ಹೊತ್ತು ಹುಟ್ಟುವ ಮೊದಲೇ ಹೋಗಿ, ಒಬ್ಬನೇ ಉದುರಿಸಿಕೊಂಡು ನಡೆಯುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಕಾವಲಿನ ಆ ಭಾಗಕ್ಕೆ ಸರ್ಕಾರದ ಕಾಂಪೌಂಡು ಬಂತು, ಗ್ರೌಂಡು ಗೋಡೆಯ ಒಳಗಾಯಿತು. ಅಂದಿನಿಂದ ತಂಡದವರು ತಳಕು ಊರಿನ ಶಾಲೆಯ ಮೈದಾನವನ್ನು ಕೇಳಿ ಪಡೆದು ಆಡುತ್ತಿದ್ದಾರೆ. ಅಲ್ಲಿ ಗೆರೆ ಎಳೆಯಲು ದಾಸಣ್ಣ ಒಂದು ದಿನವೂ ಹೋಗಲಿಲ್ಲ. ಹಳೇ ಗ್ರೌಂಡಿನ ಮೇಲೆ ಪಾಪ ಎಷ್ಟು ಪ್ರೀತಿ ನೋಡು ಎಂದು ಜನ ಕನಿಕರಪಟ್ಟರು. ಪ್ರೀತಿಯೇನೋ ಇತ್ತು. ಆದರೆ ಅವನು ಹೋಗದಿದ್ದುದಕ್ಕೆ ಕಾರಣ ಹೆದರಿಕೆ.

ಕತೆ ಇಷ್ಟೆ. ನಲವತ್ತು ವರ್ಷದ ಹಿಂದೆ ಡ್ರಿಲ್ ಮೇಷ್ಟ್ರು ಓಂಕಾರಮೂರ್ತಿ ಹಟ್ಟಿಗೆ ಮೊದಲ ಚೆಂಡು ತಂದಾಗ ಅಳೆಯಲು ಟೇಪಿರಲಿಲ್ಲ. "ಉದ್ದ ನೂರಿಪ್ಪತ್ತು ಹೆಜ್ಜೆ, ಅಗಲ ಎಂಬತ್ತು ಹೆಜ್ಜೆ ಹಾಕಪ್ಪ ದಾಸಣ್ಣ" ಎಂದರು. ಅದು ಆಷಾಢ. ಕಾವಲಿನ ಆಷಾಢದ ಗಾಳಿ ಎಂದರೆ ತಲೆಯ ಟವೆಲ್ ಹಾರಿದರೆ ಅಟ್ಟಿಸಿಕೊಂಡು ಹೋಗಬಾರದು, ಆಂಧ್ರದ ಕಡೆಗೆ ಕೈಮುಗಿದು ಸುಮ್ಮನಾಗಬೇಕು. ದಾಸಣ್ಣ ಬಡಗಲ ಬದಿಯನ್ನು ಗಾಳಿಗೆ ಎದೆ ಕೊಟ್ಟು ಪಡುವಲಕ್ಕೆ ಅಳೆದ. ಹೆಜ್ಜೆ ಚಿಕ್ಕದಾಗಿ ಬಿತ್ತು. ತೆಂಕಲ ಬದಿಯನ್ನು ಗಾಳಿ ಬೆನ್ನಿಗೆ ಹಾಕಿಕೊಂಡು ಮೂಡಲಕ್ಕೆ ಅಳೆದ. ಗಾಳಿಯೇ ನೂಕಿತು, ಹೆಜ್ಜೆ ದೊಡ್ಡದಾಗಿ ಬಿತ್ತು. ಎರಡು ಕಡೆಯೂ ನೂರಿಪ್ಪತ್ತೇ. ಆದರೆ ತೆಂಕಲ ಬದಿ ಆರು ಹೆಜ್ಜೆ ಉದ್ದವಾಗಿ, ಮೂಡಲ ಗೋಲಿನ ಗೆರೆ ಓರೆಯಾಯಿತು. ಗೋಲು ಕಂಬಗಳು ಆ ಓರೆಯ ಮೇಲೆಯೇ ನಿಂತವು, ಬಲಗಡೆಯಿಂದ ಓಡಿ ಬರುವವನ ಕಡೆಗೆ ಸ್ವಲ್ಪ ಮುಖ ಮಾಡಿದ ಹಾಗೆ.

ನಾಲ್ಕನೇ ವರ್ಷ ಗಾಳಿಯಿಲ್ಲದ ಒಂದು ಬೆಳಿಗ್ಗೆ ಸುಮ್ಮನೆ ಹೆಜ್ಜೆ ಹಾಕಿ ನೋಡಿದಾಗ ದಾಸಣ್ಣನಿಗೆ ಇದು ತಿಳಿಯಿತು. ಹೇಳೋಣವೆಂದರೆ ತಂಡ ಗೆಲ್ಲುತ್ತಿತ್ತು, ಜನ ಆಟಗಾರರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ. ಆ ಮುಂದಿನ ವಾರ ಬರಲೇ ಇಲ್ಲ. ಆಮೇಲೆ ಓಬಳೇಶ ಆಡಲು ಬಂದ, ಬಲಗಡೆಯಿಂದ ಗೋಲು ಹೊಡೆದು ಹೊಡೆದು ಮೊಳಕಾಲ್ಮೂರಿನ ತನಕ ಹೆಸರು ಮಾಡಿದ. ಇನ್ನು ಬಾಯಿ ಬಿಟ್ಟರೆ ಆ ಹುಡುಗನ ಗೋಲೆಲ್ಲ ಓರೆ ಗೆರೆಯ ಗೋಲು ಎಂದು ನಗೆಪಾಟಲಾಗುವುದಿಲ್ಲವೇ? ದಾಸಣ್ಣ ಬಾಯಿಗೆ ಬೀಗ ಹಾಕಿದ.

ಈಗ ಆ ಬೀಗಕ್ಕೆ ಕುತ್ತು ಬಂದದ್ದು ರಾಧಮ್ಮನಿಂದ. ರಸ್ತೆ ಪಕ್ಕದ ತನ್ನ ಮೂರು ಎಕರೆ ಬೀಳು ನೆಲವನ್ನು ಆಕೆ ತಂಡಕ್ಕೆ ಬಿಟ್ಟುಕೊಟ್ಟುಬಿಟ್ಟಳು. ಬೇಡ ಎಂದವರಿಗೆ, "ನನ್ನ ಮೂರು ಗಂಡು ಮಕ್ಳು ಆ ಕಾವಲಲ್ಲಿ ಆಡ್ಕೊಂಡು ಬೆಳೆದ್ವು. ಹುಲ್ಲಿಗೆ ಬಾಡಿಗೆ ಕೊಟ್ಟಿದ್ನಾ ನಾನು? ಆ ಋಣ ಎಲ್ಲಾದ್ರೂ ತೀರಿಸ್ಬೇಕಲ್ಲ, ತಗಳ್ರಿ ಸುಮ್ನೆ" ಎಂದು ಗದರಿದಳು. ಜಿಲ್ಲಾ ಲೀಗಿನವರು ಒಪ್ಪಿದರು. ರೆಫ್ರಿ ಶನಿವಾರ ಬಂದು ಅಳತೆ ನೋಡುತ್ತಾರೆ, ಸರಿಯಿದ್ದರೆ ಭಾನುವಾರವೇ ಆಟ, ತಪ್ಪಿದರೆ ಈ ವರ್ಷವೂ ತಳಕೇ ಗತಿ ಎಂದು ಹೇಳಿ ಕಳಿಸಿದರು. ಹಟ್ಟಿಯವರು ಒಂದೇ ಬಾಯಲ್ಲಿ ತೀರ್ಮಾನ ಮಾಡಿದರು: ಗೆರೆಯನ್ನು ದಾಸಣ್ಣನೇ ಎಳೆಯಬೇಕು, ಅದೂ ಅವನ ಹೆಜ್ಜೆಯಲ್ಲೇ, ಥೇಟ್ ಕಾವಲಿನ ಹಾಗೆ.

ಕಾಲ ನೋಡಿದರೆ ಮತ್ತೆ ಆಷಾಢ. ಗಾಳಿಯೋ ಗಾಳಿ. ಶುಕ್ರವಾರ ದಾಸಣ್ಣನಿಗೆ ಅನ್ನ ಸೇರಲಿಲ್ಲ. ಹೆಜ್ಜೆ ಹಾಕಿದರೆ ಅಳತೆ ತಪ್ಪುತ್ತದೆ, ಹನ್ನೆರಡು ವರ್ಷ ಕಾದ ಜನಕ್ಕೆ ಸಿಕ್ಕ ಗ್ರೌಂಡು ತನ್ನ ಕಾಲಿಂದಲೇ ಹೋಗುತ್ತದೆ. ಟೇಪು ಕೇಳಿದರೆ, ಯಾಕೆ ಎನ್ನುತ್ತಾರೆ. ಆ 'ಯಾಕೆ'ಗೆ ಉತ್ತರ ಹೇಳುವುದಕ್ಕಿಂತ ಸೊಂಟ ನೋವು ಬರುವುದು ವಾಸಿ ಎಂದುಕೊಂಡು ಶನಿವಾರ ಬೆಳಿಗ್ಗೆ ಕಂಬಳಿ ಹೊದ್ದು ಮಲಗಿದ.

ಓಬಳೇಶ ಬೈಕು ತಂದು ಬಾಗಿಲಲ್ಲೇ ನಿಲ್ಲಿಸಿದ. ಈಗ ನಲವತ್ತೆಂಟರ ಆಳು, ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ಕು, ರಜಾ ದಿನ ಹುಡುಗರಿಗೆ ಆಟ ಕಲಿಸುವವನು.

"ಏಳ್ರಿ ದಾಸಣ್ಣ, ಜನ ಕಾಯ್ತಾ ಐತೆ."

"ಸೊಂಟ ಕಣಪ್ಪ. ಏಳಾಕೇ ಆಗ್ತಿಲ್ಲ."

"ನಿನ್ನೆ ಸಾಯಂಕಾಲ ಮೇವಿನ ಹೊರೆ ಹೊತ್ಕೊಂಡು ಬರ್ತಿದ್ರಲ್ಲ? ನಾನೇ ಕಣ್ಣಾರೆ ಕಂಡೀನಿ. ಹತ್ರಿ ಬೈಕು."

ದಾಸಣ್ಣ ಹತ್ತಿದ. ಹೊಸ ಗ್ರೌಂಡಿನಲ್ಲಿ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಲಕ್ಷ್ಮಕ್ಕ ಒಂದು ಮೂಟೆ ಬೂದಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಎಪ್ಪತ್ತು ದಾಟಿದ ಈಕೆ ಕಾವಲಿನ ಗ್ರೌಂಡಿನ ಮೂಲೆಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾ ರೆಫ್ರಿಗಳಿಗೆಲ್ಲ ಬೈದವಳು. ದಾಸಣ್ಣನನ್ನು ಈಗಲೂ 'ಲೋ ದಾಸ' ಎನ್ನುವುದು ಊರಲ್ಲಿ ಈಕೆಯೊಬ್ಬಳೇ.

"ಬಂದ್ಯಾ ಮಾರಾಯ? ಎಲ್ಲಾರ ಮನ್ಯಾಗೂ ಈಗ ಗ್ಯಾಸು. ಬೂದಿ ಎಲ್ಲೈತೆ? ಮೂವತ್ತೆರಡು ಮನೆ ನೀರೊಲೆ ಕೆದಕೀನಿ ಕಣೋ, ಈ ಒಂದು ಮೂಟೆಗೆ. ಗಾಳಿಗೆ ಹಾರದಂಗೆ ನೋಡಿ ಎಳಿ."

ಮೂವತ್ತೆರಡು ಮನೆ! ದಾಸಣ್ಣ ಬಗ್ಗಿ ಮೂಟೆಯೊಳಗೆ ಇಣುಕಿದ. ಚಿತ್ರದುರ್ಗದಿಂದ ಬಂದ ರೆಫ್ರಿ ತ್ರಿವೇಣಿ, ಇಪ್ಪತ್ತೈದರ ಹುಡುಗಿ, ಟೇಪಿನ ಸುರುಳಿ ಹಿಡಿದು ನಗುತ್ತಾ ನಿಂತಿದ್ದಳು. "ನಿಮ್ಮ ಹೆಸರು ತುಂಬ ಕೇಳಿದ್ದೀನಿ ಅಜ್ಜ. ನೀವು ಎಳೆದು ಮುಗಿಸಿ, ಆಮೇಲೆ ನಾನು ನೋಡ್ತೀನಿ."

ಯಾರೋ ಡಬ್ಬ ತಂದು ಕೈಗಿತ್ತರು. ನೋಡಿದರೆ ಅದೇ ಹಳೇ ಡಾಲ್ಡಾ ಡಬ್ಬ. ಕಳೆದೇ ಹೋಯಿತೆಂದುಕೊಂಡಿದ್ದನ್ನು ರಾಧಮ್ಮ ಅಟ್ಟದ ಮೇಲೆ ಜೋಪಾನ ಮಾಡಿಟ್ಟಿದ್ದಳಂತೆ. ದಾಸಣ್ಣ ಬೂದಿ ತುಂಬಿಕೊಂಡ. ಪಡುವಲದಿಂದ ಗಾಳಿ ರೊಯ್ಯೆಂದು ಬಂದು ಎದೆಗೆ ಗುದ್ದಿತು. ಒಂದು ಹೆಜ್ಜೆ ಇಟ್ಟ. ಎರಡು ಇಟ್ಟ. ಮೂರನೆಯದಕ್ಕೆ ಡಬ್ಬವನ್ನು ಕೆಳಗಿಟ್ಟ.

"ನನ್ ಕೈಲಿ ಆಗಲ್ಲ ಕಣ್ರಪ್ಪ" ಎಂದ. ತಿರುಗಿ ನಿಂತ. ಇನ್ನು ತಡೆದರೆ ಈ ಜನಕ್ಕೆ ದ್ರೋಹ ಮಾಡಿದ ಹಾಗೆ ಎನ್ನಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. "ಟೇಪು ಹಿಡೀರಿ, ನನ್ ಹೆಜ್ಜೆ ನಂಬಬ್ಯಾಡ್ರಿ. ಕಾವಲಲ್ಲಿ ನಾನು ಅಳೆದಿದ್ದೇ ತಪ್ಪು. ಗಾಳೀಲಿ ಹೆಜ್ಜೆ ಏರುಪೇರಾಗಿ ಮೂಡಲ ಗೋಲು ಓರೆ ಆಗಿತ್ತು. ಆರು ಹೆಜ್ಜೆ. ನಾಲ್ಕನೇ ವರ್ಷಕ್ಕೇ ನಂಗೆ ಗೊತ್ತಾತು, ಬಾಯಿ ಬಿಡಲಿಲ್ಲ. ಅಲ್ಲಿ ದೇವ್ರೂ ಇರ್ಲಿಲ್ಲ ಏನೂ ಇರ್ಲಿಲ್ಲ. ಓಬಳೇಶ, ನಿನ್ ಹೆಸರಿಗೆ ಮಸಿ ಬಳಿದೆ ಕಣಪ್ಪ, ತಪ್ಪಾತು."

ನೆಲ ಬಾಯಿ ಬಿಡಬಾರದೇ ಎಂದು ದಾಸಣ್ಣ ತಲೆ ತಗ್ಗಿಸಿದ.

ಮೊದಲು ನಕ್ಕವಳು ಲಕ್ಷ್ಮಕ್ಕ. ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿಸಿ ನಕ್ಕಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಇದನ್ನ ಹೇಳಾಕೆ ಇಷ್ಟು ವರ್ಷ ಬೇಕಾತೇನೋ? ಆ ಮೂಲ್ಯಾಗೆ ಕಡ್ಲೆಕಾಯಿ ಬುಟ್ಟಿ ಇಟ್ಕೊಂಡು ಕೂತಿದ್ದೋಳು ನಾನು. ಗೋಲು ಕಂಬ ಸೊಟ್ಟಗೆ ನಿಂತು ನನ್ ಕಡೇನೇ ನೋಡ್ತಿತ್ತು. ನಂಗೇನು ಕಣ್ಣು ಕುರುಡೇನೋ?"

"ಗೊತ್ತಿತ್ತಾ ನಿಂಗೆ?"

"ಎಲ್ಲಾರ್ಗೂ ಗೊತ್ತಿತ್ತು" ಎಂದ ಓಬಳೇಶ, ಹತ್ತಿರ ಬಂದು. "ಹದಿನಾರು ವರ್ಷಕ್ಕೇ ನಾನು ಬಾವಿ ಹಗ್ಗ ತಂದು ಅಳೆದಿದ್ದೆ. ದೇವಸಮುದ್ರದೋರಿಗೂ ಗೊತ್ತಿತ್ತು. ಟಾಸ್ ಗೆದ್ರೆ ಅವ್ರು ಮೊದಲು ಯಾವ ಗೋಲಿಗೆ ಹೊಡೀತಿದ್ರು, ನೆನಪು ಮಾಡ್ಕಳ್ರಿ. ಮೂಡಲ ಗೋಲಿಗೇ! ಅದು ಅವ್ರಿಗೂ ಒಂದೇ, ನಮಗೂ ಒಂದೇ. ಹೊಡೆಯಾಕೆ ಅವ್ರಿಗೆ ಬರಲಿಲ್ಲ, ನಂಗೆ ಬಂತು. ಅದಕ್ಕೆ ನಿಮ್ಮದೇನು ತಪ್ಪು?"

"ಮತ್ತೆ ಒಬ್ರಾದ್ರೂ ಹೇಳಬಾರ್ದೇನ್ರೋ!" ದಾಸಣ್ಣನಿಗೆ ಈಗ ಸಿಟ್ಟೇ ಬಂತು.

"ಏನಂತ ಹೇಳಾಣ? ನಾವು ಏಳೋ ಹೊತ್ತಿಗೆ ನೀವು ಆ ಚಳೀಲಿ, ಆ ಗಾಳೀಲಿ ಒಬ್ರೇ ಗೆರೆ ಎಳೆದು ಮುಗಿಸಿರ್ತಿದ್ರಿ. ಒಂದು ಭಾನುವಾರ ತಪ್ಪಿಸಲಿಲ್ಲ. ನಿಮ್ಮವ್ವ ತೀರ್ಕೊಂಡ ಮೂರನೇ ದಿನಾನೂ ಬಂದಿದ್ರಿ. ಅಂಥೋರಿಗೆ ಗೆರೆ ಸೊಟ್ಟ ಐತೆ ಅನ್ನಾಕೆ ಯಾವ ಬಾಯಿ ಬರ್ತೈತೆ, ದಾಸಣ್ಣ?"

ಹಾಗೆಂದವನೇ ಓಬಳೇಶ ಬಗ್ಗಿ, ಹುಲ್ಲು ಸರಿಸಿ ತೋರಿಸಿದ. ನೆಲದ ಮಟ್ಟಕ್ಕೆ ಹೊಡೆದ ಒಂದು ಗೂಟ. "ನಿನ್ನೇನೇ ಟೇಪು ಹಿಡಿದು ನಾಲ್ಕು ಮೂಲೆಗೂ ಹೊಡೆದಿದ್ದೆ. ನೀವು ಎಷ್ಟು ಹೆಜ್ಜೆ ಹಾಕಿದ್ರೂ ನಾನು ಪಕ್ಕದಲ್ಲೇ ಬಂದು ಗೂಟದ ಹತ್ರ ನಿಲ್ಲಿಸ್ತಿದ್ದೆ. ನಿಮ್ಗೆ ಗೊತ್ತೇ ಆಗ್ತಿರ್ಲಿಲ್ಲ."

ದಾಸಣ್ಣ ಆ ಗೂಟವನ್ನೇ ನೋಡಿದ. ಇಷ್ಟು ವರ್ಷ ತಾನು ಊರಿನ ಕಣ್ಣು ತಪ್ಪಿಸಿ ಒಂದು ತಪ್ಪನ್ನು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ. ಮುಚ್ಚಿಟ್ಟದ್ದು ತಾನಲ್ಲ, ಇವರು. ತನಗಾಗಿ. ಅದನ್ನು ಯೋಚಿಸಿದ ಹಾಗೆಲ್ಲ ಕಣ್ಣು ತುಂಬಿ ಬಂತು. ಬೂದಿ ಬಿತ್ತು ಎಂದು ಸುಳ್ಳು ಹೇಳಿ ಟವೆಲಿನಿಂದ ಒರೆಸಿಕೊಂಡ. ಯಾರೂ ನಂಬಲಿಲ್ಲ, ಆದರೆ ಯಾರೂ ಏನೂ ಅನ್ನಲಿಲ್ಲ. ಅದು ಅವರಿಗೆ ಮೊದಲಿನಿಂದಲೂ ಅಭ್ಯಾಸ.

ಓಬಳೇಶ ಗೂಟದಿಂದ ಗೂಟಕ್ಕೆ ದಾರ ಬಿಗಿದ. ದಾಸಣ್ಣ ದಾರದ ಪಕ್ಕದಲ್ಲೇ ಡಬ್ಬ ಹಿಡಿದು ನಡೆದ. ಕೈಗೆ ಹಳೇ ಕೆಲಸ ಮರೆತಿರಲಿಲ್ಲ. ಗೆರೆ ನೂಲು ಹಿಡಿದ ಹಾಗೆ ಬಂತು. ತ್ರಿವೇಣಿ ನಾಲ್ಕು ಕಡೆಯೂ ಟೇಪು ಹಿಡಿದು ನೋಡಿ, ಪುಸ್ತಕದಲ್ಲಿ ಬರೆದು, "ಒಂದು ಗೇಣೂ ಹೆಚ್ಚುಕಮ್ಮಿ ಇಲ್ಲ. ನಾಳೆ ಆಟ ಇಲ್ಲೇ" ಎಂದಳು. ಹಟ್ಟಿಯವರು ಹಾಕಿದ ಕೇಕೆಗೆ ರಸ್ತೆಯ ಮೇಲಿನ ಬಸ್ಸು ನಿಂತು ನೋಡಿತು.

ಎಲ್ಲ ಮುಗಿಯಿತು ಎನ್ನುವಾಗ ದಾಸಣ್ಣನಿಗೆ ಒಂದು ನೆನಪಾಯಿತು. ಕಾವಲಿನಲ್ಲಿ ಆಟದ ಗೆರೆಯ ಆಚೆ ಜನ ಕೂರಲು ಇನ್ನೊಂದು ಗೆರೆ ಇರುತ್ತಿತ್ತು. ಅದನ್ನು ದಾಟಿ ಒಳಗೆ ಬಂದವರಿಗೆ ಲಕ್ಷ್ಮಕ್ಕನ ಬೈಗುಳ ಖಾಯಂ.

"ಅಮ್ಮಯ್ಯ, ಜನ ಕೂರೋ ಗೆರೆಗೂ ಅಳತೆ ಐತಾ?" ಎಂದು ತ್ರಿವೇಣಿಯನ್ನು ಕೇಳಿದ.

"ಆಟದ ಗೆರೆಯಿಂದ ದೂರ ಇದ್ರೆ ಸಾಕು ಅಜ್ಜ. ಉಳಿದಿದ್ದು ನಿಮ್ಮಿಷ್ಟ."

ಮೂಟೆಯ ತಳದಲ್ಲಿ ಇನ್ನೂ ಬೂದಿ ಇತ್ತು. ದಾಸಣ್ಣ ಚಪ್ಪಲಿ ಬಿಟ್ಟ. ದಾರ ಬೇಡ ಎಂದ, ಟೇಪು ಬೇಡ ಎಂದ. ಆಟದ ಗೆರೆಯಿಂದ ಹದಿನೈದು ಹೆಜ್ಜೆ ಆಚೆ, ಬಡಗಲ-ಮೂಡಲ ಮೂಲೆಯಿಂದ ಶುರು ಮಾಡಿ, ಗಾಳಿಗೆ ಎದೆಯೊಡ್ಡಿ ಪಡುವಲಕ್ಕೆ ನೂರೈವತ್ತು ಹೆಜ್ಜೆ ನಡೆದ. ತೆಂಕಲಕ್ಕೆ ಹೊರಳಿದ. ಆಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮೂಡಲಕ್ಕೆ ನೂರೈವತ್ತು. ಜನ ಅವನ ಹಿಂದೆಯೇ ಗಟ್ಟಿಯಾಗಿ ಎಣಿಸುತ್ತಾ ನಡೆದರು. ಕೊನೆಗೆ ಬಡಗಲಕ್ಕೆ ತಿರುಗಿ ನೆಟ್ಟಗೆ ಬಂದು, ಶುರು ಮಾಡಿದ ಜಾಗದ ಹತ್ತಿರ ನಿಂತು ನೋಡಿದ. ಗೆರೆಯ ಎರಡು ತುದಿಗಳು ಕೂಡಿರಲಿಲ್ಲ. ನಡುವೆ ಬರಿ ನೆಲ.

ಎಣಿಸಿ ನೋಡಿದ. ಆರು ಹೆಜ್ಜೆ.

ಮಿಕ್ಕ ಬೂದಿ ಉದುರಿಸಿ ಅದನ್ನು ಕೂಡಿಸಲು ಬಗ್ಗಿದ. ಲಕ್ಷ್ಮಕ್ಕ ದುಡುದುಡನೆ ಬಂದು, ಖಾಲಿ ಕಡಲೆಕಾಯಿ ಬುಟ್ಟಿಯನ್ನು ಆ ಬರಿ ನೆಲದ ಮೇಲೆ ಕುಕ್ಕಿದಳು.

"ಮುಟ್ಟಬ್ಯಾಡ ಕಣೋ ದಾಸ. ಅಲ್ಲಿ ನಾನು ಕೂತ್ಕೊಂತೀನಿ."